ಕಾರು ಬರುವ ಜಾಗ

ಬಸವೇಶ್ವರನಗರದಲ್ಲಿ ಕಾರು ಕೊಂಡವರು ಬೇಕಾದಷ್ಟು ಜನ ಇದ್ದಾರೆ. ಕೊಂಡ ಮೇಲೆ ಅದನ್ನು ನಿಲ್ಲಿಸಲು ಜಾಗ ಹುಡುಕುತ್ತಾ ಅವೇ ಅಡ್ಡರಸ್ತೆಗಳಲ್ಲಿ ಸುತ್ತಿ ಸುತ್ತಿ ಕೂದಲು ಬೆಳ್ಳಗಾದವರೂ ಇದ್ದಾರೆ. ಆದರೆ ಕಾರು ಬರುವ ಎರಡು ವರ್ಷ ಮೊದಲೇ ಅದನ್ನು ರಸ್ತೆಯಲ್ಲಿ ನಿಲ್ಲಿಸಿದವನು, ನನಗೆ ತಿಳಿದಮಟ್ಟಿಗೆ, ಇಡೀ ಏಷ್ಯಾ ಖಂಡದಲ್ಲಿ ನಾನೊಬ್ಬನೇ.

ಅದು ಹೇಗೆ ಎಂದು ಹುಬ್ಬೇರಿಸಬೇಡಿ. ಕಾರು ಬುಕ್ ಮಾಡಿದ ದಿನ ಸಂಜೆಯೇ ಎರಡು ಸಿಮೆಂಟಿನ ಕುಂಡಗಳನ್ನು ತಂದು ಮನೆಯೆದುರಿನ ರಸ್ತೆಯಲ್ಲಿ ಇಟ್ಟೆ. ಒಂದರಲ್ಲಿ ಕ್ರೋಟನ್ ಗಿಡ. ಇನ್ನೊಂದರಲ್ಲಿ, ಬದುಕಿದ್ದಾಗ ಏನೋ ಆಗಿದ್ದ ಒಂದು ಕಡ್ಡಿ. ನಡುವೆ ಬಣ್ಣದ ಡಬ್ಬಕ್ಕೆ ಕಾಂಕ್ರೀಟು ತುಂಬಿ, ಅದರಲ್ಲೊಂದು ಪೈಪು ನೆಟ್ಟು, ಪೈಪಿಗೆ ಹಲಗೆ ಕಟ್ಟಿದೆ. ಹಲಗೆಯ ಮೇಲೆ ಕೆಂಪಕ್ಷರದಲ್ಲಿ ನನ್ನದೇ ಸಾಹಿತ್ಯ: ‘ವಾಹನ ನಿಲ್ಲಿಸಬೇಡಿ. ಇಲ್ಲಿ ಕಾರು ಬರುತ್ತಿದೆ.’

ಬೇರೆಯವರು ಕಾರು ಇದ್ದೂ ಹೀಗೆ ಜಾಗ ಹಿಡಿಯುತ್ತಾರೆ. ಕಾರು ಇಲ್ಲದೆ ಹಿಡಿಯುವುದಕ್ಕೆ ಎದೆಗಾರಿಕೆ ಬೇಕು. ಅದು ನನ್ನಲ್ಲಿ ಅಗತ್ಯಕ್ಕಿಂತ ಹೆಚ್ಚೇ ಇದೆ.

ನನ್ನ ಹೆಸರು ಶ್ರೀಶ. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಗೇಟ್ ಪಾಸ್ ಬರೆಯುತ್ತೇನೆ. ನನ್ನ ಸಹಿಯಿಲ್ಲದೆ ಅಲ್ಲಿಂದ ಒಂದು ಬೋಲ್ಟು ಹೊರಗೆ ಹೋಗದು. ಹಾಗೆ ನೋಡಿದರೆ ಭಾರತದ ಕೈಗಾರಿಕೆ ನಿಂತಿರುವುದೇ ನನ್ನ ಪೆನ್ನಿನ ಮೇಲೆ. ವಯಸ್ಸು ಐವತ್ತರ ಆಸುಪಾಸು, ಮದುವೆಗೆ ನಾನು ಸಿಕ್ಕಲಿಲ್ಲ. ಮನೆಯ ಜನಸಂಖ್ಯೆ ಒಂದು. ಬುಕ್ ಮಾಡಿದ ಕಾರಿನ ಸೀಟು ಏಳು.

“ಫ್ಯಾಮಿಲಿ ದೊಡ್ಡದಾ ಸಾರ್?” ಎಂದು ಶೋರೂಮಿನ ಕವನಾ ಕೇಳಿದ್ದಳು.

“ಎಷ್ಟು ದೊಡ್ಡದು ಅಂತ ಇನ್ನೂ ಎಣಿಸಿಲ್ಲಮ್ಮ,” ಎಂದಿದ್ದೆ.

ಆವರೆಗೆ ನಮ್ಮ ಬೀದಿಯಲ್ಲಿ ನನ್ನನ್ನು ಮಾತಾಡಿಸುತ್ತಿದ್ದವರೆಂದರೆ ಕರೆಂಟಿನ ಮೀಟರು ಓದುವವರು. ಅವರೂ ಮೀಟರಿನ ಕಡೆ ನೋಡಿಕೊಂಡೇ ಮಾತಾಡುತ್ತಿದ್ದರು. ಕುಂಡಗಳನ್ನಿಟ್ಟ ಮಾರನೆಯ ಬೆಳಿಗ್ಗೆ ಕರೆಗಂಟೆ ಸದ್ದುಮಾಡಿತು. ಅದು ನಮ್ಮ ಮನೆಯದೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬಾಗಿಲು ತೆಗೆದರೆ ಎದುರುಮನೆಯ ಯಶೋದಮ್ಮ, ಕೈಯಲ್ಲಿ ಸಂಡಿಗೆ ಹಿಟ್ಟಿನ ಪಾತ್ರೆ.

“ಶ್ರೀಶಪ್ಪಾ, ನಮ್ ತಾರಸೀಲಿ ಟ್ಯಾಂಕಿನ ನೆರಳು ಕಣಪ್ಪ. ನಿನ್ ಕಾರಿನ ಜಾಗದಲ್ಲಿ ಒಳ್ಳೆ ಬಿಸಿಲು ಬೀಳತ್ತೆ. ಕಾರು ಬರೋತನಕ ಒಂದು ಮಂಚ ಹಾಕ್ಕೊಳ್ಲಾ?”

“ಹಾಕ್ಕೊಳ್ಳಿ. ನಮ್ಮ ಕಾರು ಬಂದ್ರೂ ಅದರ ಮೇಲೇ ಒಣಗಿಸಬಹುದು. ಅಷ್ಟು ಅಗಲ ಇದೆ ಅದರ ಬಾನೆಟ್ಟು.”

ಮಂಚ ಬಂತು. ಮಂಚದ ಹಿಂದೆ ಕಾಗೆ ಬಂತು. ಕಾಗೆ ಓಡಿಸಲು ಒಬ್ಬರು ಬೇಕಾಯಿತು. ಪಕ್ಕದ ಮನೆಯ ಬೆಟ್ಟಯ್ಯ ಪ್ಲಾಸ್ಟಿಕ್ ಕುರ್ಚಿ ತಂದು ಕೂತರು. ಅವರು ಸಿಟಿ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ರಸ್ತೆಯ ಮಧ್ಯೆ ಕೂರದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ತಿಂಗಳೊಳಗೆ ನಮ್ಮ ಮನೆಯ ಹಿಂದಿನ ಮನೆಯಲ್ಲಿ ಬಾಡಿಗೆಗಿದ್ದ ಬಾಗಲಕೋಟೆಯ ಗುರವ್ವ ಬಂದು, “ಸರ್ರ, ಕಾರ ಬರೂತನಕ ಸಂಜೀಮುಂದ ಇಲ್ಲಿ ಒಂದ ಮೇಜ ಇಟ್ಕೊಳ್ಲೇನ್ರಿ? ರೊಟ್ಟಿ ಮಾರ್ತೇನಿ,” ಎಂದಳು. ಇಟ್ಟಳು. ರೊಟ್ಟಿ ಕೊಳ್ಳಲು ಬಂದವರು ಬೆಟ್ಟಯ್ಯನವರ ಜೊತೆ ರಾಜಕೀಯ ಮಾತಾಡಿದರು, ಯಶೋದಮ್ಮನ ಸಂಡಿಗೆಗೆ ಬೆಲೆ ಕೇಳಿದರು, ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಹಾಕಿದರು:

“ಕಾರು ಯಾವಾಗ?”

ಸಂಜೆ ಕಾರ್ಖಾನೆಯಿಂದ ಬರುವಷ್ಟರಲ್ಲಿ ನನಗೊಂದು ಸ್ಟೂಲು, ಒಂದು ಬಿಸಿ ರೊಟ್ಟಿ, ಅದರ ಮೇಲೆ ಶೇಂಗಾ ಚಟ್ನಿ ಕಾದಿರುತ್ತಿದ್ದವು. ಮನೆಯಲ್ಲಿ ಸೋಮವಾರ ಮಾಡಿದ ಸಾರನ್ನು ಗುರುವಾರದವರೆಗೆ ಕಾಯಿಸಿ ಕಾಯಿಸಿ ತಿನ್ನುತ್ತಿದ್ದವನಿಗೆ ಇದು ಮೈಸೂರು ಅರಮನೆಯ ಭೋಜನ.

ಕವನಾ ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದಳು. ನಾನು ಇಸ್ತ್ರಿ ಶರ್ಟು ಹಾಕಿಕೊಂಡು, ಜಾಗದ ನಟ್ಟನಡುವೆ ನಿಂತು, ಫೋನನ್ನು ಸ್ಪೀಕರಿಗೆ ಹಾಕುತ್ತಿದ್ದೆ. ಚುನಾವಣೆಯ ಫಲಿತಾಂಶಕ್ಕೂ ನಮ್ಮ ಬೀದಿ ಅಷ್ಟು ನಿಶ್ಶಬ್ದವಾಗಿದ್ದಿಲ್ಲ.

“ಸಾರಿ ಸಾರ್, ನೀವು ಕೇಳಿರೋ ಬೂದು ಬಣ್ಣಕ್ಕೆ ಇನ್ನೂ ವೇಟಿಂಗ್ ಇದೆ.”

“ಇರಲಿ ಬಿಡಮ್ಮ. ಒಳ್ಳೇದು ನಿಧಾನಕ್ಕೇ ಬರೋದು. ಊಟ ಆಯ್ತಾ?”

“ಆಯ್ತು ಸಾರ್. ಸಾರ್, ಬಿಳೀದಾದ್ರೆ ಮುಂದಿನ ವಾರಾನೇ ಕೊಡಬಹುದು...”

“ಛೇ ಛೇ. ಬಿಳಿ ಕಾರಲ್ಲಿ ಎಲ್ಲಾರೂ ಓಡಾಡ್ತಾರೆ. ಕಾಯ್ತೀನಿ.”

ಫೋನ್ ಇಟ್ಟ ಕೂಡಲೇ ಬೆಟ್ಟಯ್ಯ ಗದರಿದರು: “ಬಿಳೀದು ತಗೊಳ್ರೀ! ಮುಂದಿನ ವಾರ ಬರತ್ತಂತೆ!”

“ತಗೋಬಹುದು. ಆದ್ರೆ ಯಶೋದಮ್ಮನವರ ಹಪ್ಪಳದ ಸೀಸನ್ ಈಗಷ್ಟೇ ಶುರುವಾಗಿದೆ,” ಎಂದೆ. ನನ್ನಷ್ಟು ಪರೋಪಕಾರಿ ಪಶ್ಚಿಮ ಬೆಂಗಳೂರಿನಲ್ಲಿ ಇನ್ನೊಬ್ಬನಿಲ್ಲ.

ಕಾಯುವವರ ಹಸಿವಿಗೆ ಸುದ್ದಿ ಹಾಕುತ್ತಿರಬೇಕಲ್ಲ, ಹಾಕಿದೆ. ಕಾರಿನ ಛಾವಣಿ ತೆರೆದರೆ ಆಕಾಶ ಕಾಣುತ್ತದೆ ಎಂದೆ. ಹಿಂದಿನ ಸೀಟಿನವರ ಜೊತೆ ಮಾತಾಡಲು ಫೋನ್ ಮಾಡಬೇಕು, ಅಷ್ಟು ಉದ್ದ ಎಂದೆ. ಒಂದೊಂದು ಮಾತಿಗೂ ಬೆಟ್ಟಯ್ಯ ಗಾಬರಿಯಾಗಿ, “ಹಂಗಾದ್ರೆ ಈ ಜಾಗ ಸಾಲಲ್ಲ ಕಣ್ರೀ!” ಎಂದು ಎದ್ದು ಕುಂಡವನ್ನು ಆಚೆಗೆ ಸರಿಸುತ್ತಿದ್ದರು. ಸರಿದ ಜಾಗಕ್ಕೆ ಇನ್ನೊಂದು ಮಂಚ, ಇನ್ನೆರಡು ಕುರ್ಚಿ ಬರುತ್ತಿದ್ದವು. ಎರಡನೆಯ ವರ್ಷ ಮುಗಿಯುವಷ್ಟರಲ್ಲಿ ಆ ಜಾಗದಲ್ಲಿ ಒಂದು ಡಬಲ್ ಡೆಕರ್ ಬಸ್ಸು ನಿಂತು, ಪಕ್ಕದಲ್ಲಿ ಅದರ ಮರಿಯೂ ಮಲಗಬಹುದಿತ್ತು.

“ಇದೇನ್ ಕಾರೋ ಹಡಗೋ ಸರ್ರ?” ಎಂದು ಗುರವ್ವ ಒಮ್ಮೆ ಕೇಳಿದಳು.

“ಹಡಗಿಗೆ ಚಕ್ರ ಇರಲ್ಲ ಗುರವ್ವ. ಅಷ್ಟೇ ವ್ಯತ್ಯಾಸ.”

ಇಷ್ಟು ದೊಡ್ಡ ಖಾಲಿ ಜಾಗ ಬೆಂಗಳೂರಿನಲ್ಲಿದ್ದರೆ ಯಾರ ಹೊಟ್ಟೆ ಉರಿಯುವುದಿಲ್ಲ? ಯಾರೋ ದೂರು ಕೊಟ್ಟರು. ಒಂದು ಗುರುವಾರ, ನಾನು ರಜೆ ಹಾಕಿ ಮನೆಯಲ್ಲಿದ್ದ ಬೆಳಿಗ್ಗೆ, ಪಾಲಿಕೆಯ ಅಧಿಕಾರಿ ಮುನಿರಾಮಯ್ಯನವರು ಬಂದಿಳಿದರು. ಬೂಟಿನ ತುದಿಯಿಂದ ಕುಂಡವನ್ನು ತಟ್ಟಿ ಹಲಗೆಯನ್ನು ಓದಿದರು. ಮತ್ತೊಮ್ಮೆ ಓದಿದರು.

“ರಸ್ತೇಲಿ ಇದನ್ನೆಲ್ಲ ಇಟ್ಟಿರೋರು ಯಾರು?”

“ಕಾರಿಗೆ ಇಟ್ಟಿರೋದು ಸಾರ್,” ಎಂದೆ.

“ಕಾರೆಲ್ಲಿ?”

ನಾನು ಸತ್ಯ ಹೇಳಬೇಕೆಂದೇ ಬಾಯಿ ತೆರೆದೆ. ನನಗದು ಅಭ್ಯಾಸವಿಲ್ಲದ್ದರಿಂದ ಸ್ವಲ್ಪ ತಡವಾಯಿತು. ಅಷ್ಟರಲ್ಲಿ ಬೆಟ್ಟಯ್ಯ ಕುರ್ಚಿಯಿಂದಲೇ ಅಂದರು: “ಪೆಟ್ರೋಲ್ ಹಾಕ್ಸಕ್ಕೆ ಹೋಗಿದೆ ಸಾರ್.”

“ಓನರ್ ಇಲ್ಲೇ ಇದಾರಲ್ಲ?”

“ಅವರು ಓಡ್ಸಲ್ಲ ಸಾರ್. ಡ್ರೈವರಿದಾನೆ.”

ನನಗೆ ಡ್ರೈವರಿದ್ದಾನೆಂಬ ಸುದ್ದಿ ಕೇಳಿ ನಾನೇ ಸ್ವಲ್ಪ ನೆಟ್ಟಗೆ ನಿಂತೆ.

“ಯಾವ ಕಲರ್ರು ಕಾರು?” ಎಂದರು ಮುನಿರಾಮಯ್ಯ, ಪೆನ್ನು ತೆಗೆಯುತ್ತಾ.

“ಕೆಂಪು,” ಎಂದರು ಬೆಟ್ಟಯ್ಯ.

“ಬಿಳಿ,” ಎಂದರು ಯಶೋದಮ್ಮ.

“ನೀಲಿ ಐತ್ರಿ,” ಎಂದಳು ಗುರವ್ವ.

ಮೂರೂ ಉತ್ತರಗಳು ಒಂದೇ ಉಸಿರಿನಲ್ಲಿ ಬಂದವು. ಮುನಿರಾಮಯ್ಯನವರು ನಿಧಾನವಾಗಿ ನನ್ನ ಕಡೆ ತಿರುಗಿದರು.

“ಮೂರೂ ಸರಿ ಸಾರ್,” ಎಂದೆ. “ಬಿಸಿಲಿಗೆ ತಕ್ಕಂಗೆ ಬದಲಾಗತ್ತೆ. ಜರ್ಮನ್ ಟೆಕ್ನಾಲಜಿ.”

ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. “ಸೋಮವಾರ ಬರ್ತೀನಿ. ಆ ಜರ್ಮನ್ ಟೆಕ್ನಾಲಜಿ ಇಲ್ಲಿ ನಿಂತಿರಬೇಕು. ಇಲ್ಲಾಂದ್ರೆ ಕುಂಡ, ಮಂಚ, ಮೇಜು, ಎಲ್ಲಾ ಲಾರಿಗೆ. ಆ ಹಲಗೆ ಬರೆದೋರಿಗೂ ಲಾರೀಲಿ ಜಾಗ ಮಾಡ್ತೀನಿ.”

ಜೀಪು ತಿರುವು ದಾಟಿತು.

“ಜಾಗ ಹೋಗಿಬಿಡತ್ತಾ ಶ್ರೀಶಪ್ಪಾ?” ಎಂದರು ಯಶೋದಮ್ಮ.

“ನಾ ಮೇಜ ಎಲ್ಲಿಡ್ಲಿ?” ಎಂದಳು ಗುರವ್ವ.

ಬೆಟ್ಟಯ್ಯ ಕುರ್ಚಿಯ ಕೈ ಹಿಡಿದುಕೊಂಡರು, ಲಾರಿ ಆಗಲೇ ಬಂದಂತೆ.

“ನಾನಿರುವಾಗ ಭಯ ಯಾಕೆ?” ಎಂದು ಗುಡುಗಿದೆ. “ಈ ಜಾಗವನ್ನ ಯಾರು ಮುಟ್ತಾರೋ ನೋಡೇ ಬಿಡೋಣ!” ಎಂದು ಒಳಗೆ ಹೋಗಿ, ಬಾಗಿಲು ಹಾಕಿ, ಕವನಾಗೆ ಫೋನ್ ಮಾಡಿದೆ. “ಅಮ್ಮಾ, ಬೂದು ಬೇಡ, ಏಳು ಸೀಟೂ ಬೇಡ. ಸೋಮವಾರದೊಳಗೆ ನಾಲ್ಕು ಚಕ್ರ ಇರೋದು ಏನಿದ್ರೂ ಕೊಡು.”

“ಒಂದೇ ಒಂದು ಇದೆ ಸಾರ್,” ಎಂದಳು ಕವನಾ. ಅವಳ ದನಿಯಲ್ಲಿ ಸಂಕೋಚವಿತ್ತು. “ಚಿಕ್ಕದು. ಬುಕ್ ಮಾಡಿದ್ದೋರು ಬಂದು ನೋಡಿ ಕ್ಯಾನ್ಸಲ್ ಮಾಡಿಬಿಟ್ರು. ಕಲರ್ರು... ಗಿಣಿ ಹಸಿರು ಸಾರ್.”

“ಮರಕತ ಅನ್ನಮ್ಮ. ತೆಗೆದಿಡು.”

“ಡೆಲಿವರಿ ದಿನ ಕೇಕ್ ಕಟ್ ಮಾಡಿಸ್ತೀವಿ, ಫೋಟೋ ತೆಗೀತೀವಿ. ಫ್ಯಾಮಿಲಿಯಿಂದ ಎಷ್ಟು ಜನ ಬರ್ತಾರೆ ಸಾರ್?”

“ಹದಿನೈದು ಜನ ಅಂದ್ಕೋ. ಜಾಸ್ತಿ ಆಗದ ಹಾಗೆ ನೋಡ್ಕೋತೀನಿ.”

ಭಾನುವಾರ ಬೆಳಿಗ್ಗೆ ರೇಷ್ಮೆ ಪಂಚೆ ಉಟ್ಟು ಹೊರಬಂದರೆ ಬೀದಿಯೆಲ್ಲ ಎದ್ದಿತ್ತು. ಯಶೋದಮ್ಮ ಜಾಗವನ್ನು ಗುಡಿಸಿ ನೀರು ಹಾಕುತ್ತಿದ್ದರು. ಗುರವ್ವ ಮಾವಿನೆಲೆ ಕಟ್ಟುತ್ತಿದ್ದಳು. ಬೆಟ್ಟಯ್ಯ ಹಳೇ ಸೀಟಿಯನ್ನು ಬೂದಿ ಹಾಕಿ ತಿಕ್ಕುತ್ತಿದ್ದರು.

“ಎಲ್ಲಾರೂ ಹೊರಡೋಣ್ವಾ?” ಎಂದೆ.

“ಅಯ್ಯೋ, ನಾವು ಬಂದ್ರೆ ರಂಗೋಲಿ ಹಾಕೋರ್ಯಾರು?” ಎಂದರು ಯಶೋದಮ್ಮ.

“ಜಾಗ ಬಿಟ್ಟು ಬಂದ್ರೆ ಯಾವನಾದ್ರೂ ಕಾರು ತಂದು ನಿಲ್ಲಿಸ್ಬಿಡ್ತಾನೆ ಕಣ್ರೀ. ನೀವು ಹೋಗ್ಬನ್ನಿ, ನಾವು ಕಾಯ್ತಾ ಇರ್ತೀವಿ,” ಎಂದರು ಬೆಟ್ಟಯ್ಯ.

ಕೆಂಗೇರಿ ಉಪನಗರದಲ್ಲಿರುವ ನನ್ನ ತಂಗಿ ಸುಮಾ ನೇರವಾಗಿ ಶೋರೂಮಿಗೇ ಬರುತ್ತೇನೆ ಎಂದಿದ್ದಳು. ನಾನು ಆಟೋ ಹಿಡಿದು ಹೊರಟೆ.

ಮೈಸೂರು ರಸ್ತೆಯ ಆ ಶೋರೂಮನ್ನು ನೋಡಿದರೆ ಅದು ಕಾರಿನ ಅಂಗಡಿಯೋ ದೇವೇಂದ್ರನ ಸಭೆಯೋ ಎಂದು ಅನುಮಾನ ಬರಬೇಕು. ಕೆಂಪು ಬಟ್ಟೆ ಹೊದ್ದು ಒಂದು ಕಾರು ನಿಂತಿತ್ತು. ಎದುರಿಗೆ ಮೂರು ಸಾಲು ಕುರ್ಚಿ, ಒಂದು ಕೇಕು, ನನ್ನಷ್ಟೇ ಎತ್ತರದ ರಟ್ಟಿನ ಕೀಲಿಕೈ. ಫಲಕದ ಮೇಲೆ ‘ಶ್ರೀಶ ಮತ್ತು ಕುಟುಂಬಕ್ಕೆ ಹಾರ್ದಿಕ ಶುಭಾಶಯಗಳು.’

“ಫ್ಯಾಮಿಲಿ ಸಾರ್?” ಎಂದಳು ಕವನಾ, ನನ್ನ ಬೆನ್ನ ಹಿಂದೆ ಇಣುಕಿ ನೋಡುತ್ತಾ.

“ಬರ್ತಾ ಇದಾರೆ. ನಾಯಂಡಹಳ್ಳಿ ಜಂಕ್ಷನ್‌ನಲ್ಲಿ ಸಿಕ್ಕಿಹಾಕ್ಕೊಂಡಿದಾರೆ. ಎರಡು ಟೆಂಪೋ.”

ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತೆ. ಕುರ್ಚಿಗಳೆಲ್ಲ ಖಾಲಿ ಇದ್ದಾಗ ಯಾವುದರಲ್ಲಿ ಕೂತರೂ ತಪ್ಪು ಜಾಗದಲ್ಲಿ ಕೂತಂತೆ ಕಾಣುತ್ತದೆ, ನೋಡಿ. ಎದ್ದು ತುದಿಯಲ್ಲಿ ಕೂತೆ. ಒಂದು ಜೋಡಿ ಮಗುವಿನ ಸಮೇತ ಬಂದು ತಮ್ಮ ಕಾರು ತೆಗೆದುಕೊಂಡು ಹೋಯಿತು. ಅವರ ಮಗುವಿಗೆ ನಾನೇ ಚಪ್ಪಾಳೆ ತಟ್ಟಿದೆ. ಅಷ್ಟರಲ್ಲಿ ಸುಮಾಳ ಫೋನು ಬಂತು.

“ಅಣ್ಣಾ, ಇವರಿಗೆ ತಲೆನೋವಂತೆ ಕಣೋ. ಇನ್ನೊಂದಿನ ಬರ್ತೀವಿ. ಕಾರೆಲ್ಲೂ ಓಡಿಹೋಗಲ್ವಲ್ಲ?”

“ಇಲ್ಲ ಇಲ್ಲ, ಅದು ಇಲ್ಲೇ ಇದೆ,” ಎಂದೆ.

ಕವನಾ ಬಂದು ಪಕ್ಕದಲ್ಲಿ ನಿಂತಳು. “ಸಾರ್, ಕೇಕ್ ಕ್ರೀಮು ಕರಗ್ತಾ ಇದೆ...”

“ಟೆಂಪೋಗಳು ಕೆಟ್ಟುಹೋದವಂತಮ್ಮ. ಎರಡೂ. ಒಟ್ಟಿಗೇ.”

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಚಪ್ಪಾಳೆ ತಟ್ಟಿ, “ಎಲ್ಲಾ ಬನ್ನಿ ಸ್ವಲ್ಪ!” ಎಂದು ಕೂಗಿದಳು. ಲೆಕ್ಕದ ವಿಭಾಗದವರು, ವಿಮೆಯವರು, ಕಾರು ತೊಳೆಯುವವರು, ಸೆಕ್ಯೂರಿಟಿಯವರು, ಎಲ್ಲರೂ ಬಂದು ಮೂರು ಸಾಲು ಕುರ್ಚಿಯಲ್ಲಿ ಕೂತರು. ಫೋಟೋ ತೆಗೆಯುವವನು, “ಫ್ಯಾಮಿಲಿ ಸ್ವಲ್ಪ ಹತ್ತಿರ ಬನ್ನಿ, ಹತ್ತಿರ!” ಎಂದ. ಬಂದರು. ಸೆಕ್ಯೂರಿಟಿಯವರು ನನ್ನ ಹೆಗಲ ಮೇಲೆ ಕೈ ಹಾಕಿದರು. ನಾನು ಅವರಿಗೆ ಕೇಕು ತಿನ್ನಿಸಿದೆ. ಕೆಂಪು ಬಟ್ಟೆ ಎಳೆದಾಗ ಒಳಗಿನಿಂದ ಹೊರಬಂದ ಹಸಿರಿಗೆ ಇಡೀ ಕುಟುಂಬ ಒಮ್ಮೆ ಕಣ್ಣು ಮುಚ್ಚಿಕೊಂಡಿತು.

ನನ್ನ ಬಳಿ ಲೈಸೆನ್ಸು ಇತ್ತು. ಅದರಲ್ಲಿನ ಫೋಟೋದಲ್ಲಿ ನನಗೆ ತಲೆ ತುಂಬ ಕೂದಲೂ ಇತ್ತು. ಆ ಎರಡರ ಬಲದಿಂದ ಮೈಸೂರು ರಸ್ತೆಗೆ ಇಳಿದೆ. ನಾನು ಓಡಿಸಿದ ಶೈಲಿಗೆ ನಡೆದು ಹೋಗುತ್ತಿದ್ದವರೂ ನಿಂತು ದಾರಿ ಬಿಟ್ಟರು. ಬಿಟ್ಟು, ನನ್ನನ್ನು ದಾಟಿಕೊಂಡೂ ಹೋದರು. ಹಿಂದೆ ಬಸ್ಸು, ಲಾರಿ, ಆಟೋಗಳ ಮೆರವಣಿಗೆ ಚಂದ್ರಾ ಲೇಔಟಿನವರೆಗೆ ಬೆಳೆಯಿತು. ಒಬ್ಬರೂ ಬಿಡದೆ ಹಾರ್ನ್ ಹೊಡೆದು ಅಭಿನಂದಿಸಿದರು. ಕೆಲವರು ಕಿಟಕಿಯಿಂದ ತಲೆ ಹೊರಹಾಕಿ ನನ್ನ ಮನೆತನವನ್ನೂ ಸ್ಮರಿಸಿದರು.

ನಮ್ಮ ಬೀದಿಗೆ ತಿರುಗಿದಾಗ ಕಣ್ಣು ತುಂಬಿತು. ಎಸಿ ನೇರವಾಗಿ ಕಣ್ಣಿಗೇ ಬಡಿಯುತ್ತಿತ್ತು. ಎಲ್ಲರೂ ಸಾಲಾಗಿ ನಿಂತಿದ್ದರು. ಡಬಲ್ ಡೆಕರ್ ನಿಲ್ಲುವಷ್ಟು ಜಾಗ, ಅಂಚಿಗೆಲ್ಲ ರಂಗೋಲಿ. ಅದರ ಮುಂದೆ ನನ್ನ ಕಾರು ಬಂದು ನಿಂತಿತು.

ಬೆಟ್ಟಯ್ಯ ಸೀಟಿಯನ್ನು ಬಾಯಿಂದ ತೆಗೆದರು. ಕಾರಿನ ಮುಂದೆ ನೋಡಿದರು. ಹಿಂದೆ ಹೋಗಿ ನೋಡಿದರು.

“ಶ್ರೀಶ್ ಅವ್ರೇ, ಇದು ಬರೀ ಮುಂದಿನ ಭಾಗಾನಾ? ಹಿಂದಿನದು ಆಮೇಲೆ ಬರತ್ತಾ?”

“ಚಂದ ಐತಿ ಬಿಡ್ರಿ,” ಎಂದಳು ಗುರವ್ವ. “ಹಸಿ ಮೆಣಸಿನಕಾಯಿ ಹಂಗ ಐತಿ.”

ಯಶೋದಮ್ಮ ಆರತಿ ಎತ್ತಿದರು. ಬೆಟ್ಟಯ್ಯ “ರೈಟ್, ರೈಟ್, ಬರ್ಲಿ, ಬರ್ಲಿ, ಹೋಲ್ಡಾನ್!” ಎಂದು ಸೀಟಿ ಊದಿ, ಇಡೀ ಜಾಗದ ಒಂದು ಮೂಲೆಯಲ್ಲಿ ಕಾರನ್ನು ನಿಲ್ಲಿಸಿದರು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸಿದ್ದಾಯಿತು. ದೃಷ್ಟಿಗೆ ಎರಡು ಬೂದುಗುಂಬಳಕಾಯಿ ತಂದಿದ್ದರು, ಒಂದನ್ನು ಒಡೆದರು. ಕಾರಿನ ಗಾತ್ರ ನೋಡಿ ಇನ್ನೊಂದನ್ನು ಉಳಿಸಿದರು. ಚಪ್ಪಾಳೆಯೋ ಚಪ್ಪಾಳೆ.

ಶೋರೂಮಿನ ಫೋಟೋ ತೋರಿಸಿದೆ.

“ಯಾರಪ್ಪಾ ಇವರೆಲ್ಲ?” ಎಂದರು ಯಶೋದಮ್ಮ.

“ನಮ್ಮ ತಾಯಿ ಕಡೆಯೋರು.”

“ಎಲ್ಲಾರೂ ಒಂದೇ ಬಣ್ಣದ ಶರ್ಟು ಹಾಕಿದಾರಲ್ಲ?”

“ಶಿಸ್ತಿನ ಮನೆತನ.”

ಸೋಮವಾರ ಬೆಳಿಗ್ಗೆಯೇ ಮುನಿರಾಮಯ್ಯನವರು ಲಾರಿ ಸಮೇತ ಬಂದರು. ಕಾರನ್ನು ನೋಡಿದರು, ನೆರಳಿನಲ್ಲಿ ನಿಂತು ನೋಡಿದರು, ಬಿಸಿಲಿನಲ್ಲಿ ನಿಂತು ನೋಡಿದರು. “ಬಣ್ಣ ಬದಲಾಗ್ತಾ ಇಲ್ಲ?” ಎಂದರು.

“ಹೊಸದಲ್ವಾ ಸಾರ್. ಇನ್ನೂ ನಾಚಿಕೆ.”

“ಸರಿ. ಕಾರು ಬಂತಲ್ಲ, ಇನ್ನು ಕುಂಡ ಯಾಕೆ?” ಎಂದು ಕುಂಡ, ಡಬ್ಬ, ಹಲಗೆ ಮೂರನ್ನೂ ಲಾರಿಗೆ ಹಾಕಿಸಿಕೊಂಡು ಹೋದರು.

ಲಾರಿ ತಿರುವು ದಾಟಿತೋ ಇಲ್ಲವೋ, ನೀರಿನ ಕ್ಯಾನಿನ ವ್ಯಾನೊಂದು ಬಂದು ನನ್ನ ಕಾರಿನ ಹಿಂದೆ ನಿಂತಿತು. ಮುಂದೆ ಯಾರದೋ ನೆಂಟರ ಕಾರು, ಅದರ ಮುಂದೆ ಇನ್ಯಾರದೋ. ಬೆಂಗಳೂರಿನ ಪ್ರತಿಯೊಂದು ಚಕ್ರವೂ ಆ ಜಾಗಕ್ಕಾಗಿ ಎರಡು ವರ್ಷದಿಂದ ಮೂಲೆಯಲ್ಲಿ ಹೊಂಚುಹಾಕಿ ಕೂತಿತ್ತು.

ಯಶೋದಮ್ಮ ಮಂಚ ಎತ್ತಿಕೊಂಡರು. “ನಿನ್ ಜಾಗ ನಿನಗಪ್ಪ. ಇಷ್ಟು ದಿನ ಕೊಟ್ಟಿದ್ದೇ ದೊಡ್ಡದು.”

“ಕಾರಿನ ಮೇಲೇ ಒಣಗಿಸಿ ಯಶೋದಮ್ಮ, ನಾನು ಹೇಳಿದ್ನಲ್ಲ!”

“ಹೊಸ ಕಾರು, ಗೀರು ಬಿದ್ದೀತು ಕಣಪ್ಪ,” ಎಂದು ಹೊರಟೇಬಿಟ್ಟರು.

ಗುರವ್ವ ಮೇಜನ್ನು ಆಚೆ ಬೀದಿಯ ಬೇಕರಿ ಪಕ್ಕಕ್ಕೆ ಒಯ್ದಳು. ಬೆಟ್ಟಯ್ಯ ಕುರ್ಚಿಯನ್ನು ಮಡಚಲು ನೋಡಿದರು. ಅದು ಮಡಚುವ ಕುರ್ಚಿಯಲ್ಲ ಎಂದು ನೆನಪಾಗಿ, ತಲೆಯ ಮೇಲೆ ಹೊತ್ತುಕೊಂಡು ಒಳಗೆ ಹೋದರು. ನನ್ನ ಸ್ಟೂಲು ಮಾತ್ರ ಫುಟ್‌ಪಾತಿನಲ್ಲಿ ಉಳಿಯಿತು.

ಆ ವಾರವೆಲ್ಲ ಸಂಜೆ ಕಾರ್ಖಾನೆಯಿಂದ ಬಂದು ಕಾರನ್ನು ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ರಿಮೋಟಿನ ಗುಂಡಿ ಒತ್ತಿದರೆ ಅದು ‘ಕುಂಯ್’ ಎನ್ನುತ್ತಿತ್ತು. ಒಂದೆರಡು ಸಲ ಅಗತ್ಯವಿಲ್ಲದಿದ್ದರೂ ಒತ್ತಿದೆ. ದಾರಿಯಲ್ಲಿ ಹೋಗುವವರು ಈಗ “ಕಾರು ಯಾವಾಗ?” ಎನ್ನುತ್ತಿರಲಿಲ್ಲ. ಕಾರು ಎದುರಿಗೇ ಇತ್ತಲ್ಲ, ಕೇಳಲು ಏನಿದೆ?

ಭಾನುವಾರ ಎಲ್ಲರನ್ನೂ ಸವಾರಿಗೆ ಕರೆದೆ.

“ನನ್ನ ಕೆಲಸಾನೇ ಮೂವತ್ತು ವರ್ಷ ಅದೇ ಆಗಿತ್ತಲ್ರೀ, ಮಂಡಿ ಬಗ್ಗಲ್ಲ ಈಗ,” ಎಂದರು ಬೆಟ್ಟಯ್ಯ, ಕಿಟಕಿಯಿಂದ.

“ನಾವು ಧರ್ಮಸ್ಥಳದ ಬಸ್ ಹತ್ತಾ ಇದೀವಪ್ಪ, ನಾನೂ ಗುರವ್ವಾನೂ,” ಎಂದರು ಯಶೋದಮ್ಮ, ಚೀಲ ಹಿಡಿದು.

“ಕಾರಲ್ಲೇ ಕರ್ಕೊಂಡು ಹೋಗ್ತೀನಲ್ಲ!”

“ನಮಗ ಬಸ್ ಫ್ರೀ ಐತ್ರಿ ಸರ್ರ,” ಎಂದಳು ಗುರವ್ವ. “ಸುಮ್ನ ನಿಮ್ಮ ಎಣ್ಣಿ ಯಾಕ ಸುಡೋದು?”

ಸುಮಾಳ ಮನೆಗಾದರೂ ಹೋಗೋಣವೆಂದು ಹೊರಟೆ. ಉಳಿದಿದ್ದ ಕುಂಬಳಕಾಯಿಯನ್ನು ಅವಳಿಗೆ ಕೊಟ್ಟರೆ ಹುಳಿಗಾದರೂ ಆದೀತು ಎಂದು ಪಕ್ಕದ ಸೀಟಿನಲ್ಲಿ ಇಟ್ಟೆ. ಕಾರು ಟಿಂಗ್ ಟಿಂಗ್ ಟಿಂಗ್ ಎಂದು ಬಡಿದುಕೊಳ್ಳತೊಡಗಿತು. ಪಕ್ಕದವರು ಬೆಲ್ಟು ಹಾಕಿಲ್ಲವಂತೆ. ಅಷ್ಟು ದುಬಾರಿ ಯಂತ್ರ ತನ್ನೊಳಗೆ ಇಬ್ಬರಿದ್ದಾರೆ ಎಂದು ನಂಬಿದ್ದರೆ ಇಲ್ಲವೆನ್ನಲು ನಾನು ಯಾರು? ಬೆಲ್ಟು ಹಾಕಿದೆ. ಕುಂಬಳಕಾಯಿ ನೆಟ್ಟಗೆ ಕೂತಿತು, ಕಾರು ಸುಮ್ಮನಾಯಿತು.

ನಾಗರಬಾವಿ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸಿನವರು ಬಗ್ಗಿ ನೋಡಿದರು.

“ಏನ್ರೀ ಇದು?”

“ನಮ್ಮೋರು ಸಾರ್. ಕೆಂಗೇರಿಗೆ ಹೊರಟಿದೀವಿ.”

ಅವರು ಕುಂಬಳಕಾಯಿಯನ್ನು ನೋಡಿದರು, ನನ್ನನ್ನು ನೋಡಿದರು. “ಬೆಲ್ಟ್ ಹಾಕಿದಾರಲ್ಲ. ಹೋಗಿ,” ಎಂದರು.

ದಾರಿಯುದ್ದಕ್ಕೂ ನಾನು ಅದಕ್ಕೆ ಊರು ತೋರಿಸಿದೆ. ಇದು ವಿಶ್ವವಿದ್ಯಾಲಯದ ಗೇಟು, ಇದು ಮೆಟ್ರೋ ಕಂಬ, ಇಲ್ಲಿ ಮೊದಲು ಕೆರೆಯಂಥದೇನೋ ಇತ್ತು. ಎದುರಾಡದೆ ಕೇಳಿತು. ಸುಮಾಳ ಮನೆಗೆ ಬೀಗ. ಫೋನ್ ಮಾಡಿದರೆ, “ಅಯ್ಯೋ ಅಣ್ಣಾ, ಮೆಟ್ರೋ ಹತ್ತಿ ಮಾಲ್‌ಗೆ ಬಂದ್ಬಿಟ್ವಿ ಕಣೋ. ಕಾರು ತಂದ್ರೆ ಪಾರ್ಕಿಂಗ್ ತಲೆನೋವಲ್ವಾ?” ಎಂದಳು. ಅವಳ ಗೇಟಿನೆದುರು ಸ್ವಲ್ಪ ಹೊತ್ತು ನಿಂತು, ಒಂದು ಸಲ ಹಾರ್ನ್ ಹೊಡೆದು, ಇಬ್ಬರೂ ವಾಪಸು ಬಂದೆವು.

ಮನೆ ತಲುಪುವಾಗ ಕವನಾಳ ಫೋನು. ಇಸ್ತ್ರಿ ಶರ್ಟು ಹಾಕಿಕೊಳ್ಳಲು ಸಮಯವಿರಲಿಲ್ಲ. ಹಾಗೇ ಸ್ಪೀಕರಿಗೆ ಹಾಕಿದೆ. ಕೇಳಲು ಕುಂಬಳಕಾಯಿ ಇತ್ತು.

“ಸಾರ್, ಕಂಪನಿಯಿಂದ ಕಾಲ್ ಬರತ್ತೆ, ಹತ್ತಕ್ಕೆ ಹತ್ತು ಕೊಡಿ ಸಾರ್, ಪ್ಲೀಸ್.”

“ಹನ್ನೊಂದು ಕೊಡ್ತೀನಮ್ಮ. ಮುಂದಿನ ತಿಂಗಳು ಯಾವತ್ತು ಫೋನ್ ಮಾಡ್ತೀಯ?”

“ಇಲ್ಲ ಸಾರ್, ಕಾರು ಕೊಟ್ಟಾಯ್ತಲ್ಲ. ಇನ್ಮೇಲೆ ಸರ್ವಿಸ್‌ನೋರು. ಆರು ತಿಂಗಳಾದ್ಮೇಲೆ ಒಂದು ಮೆಸೇಜ್ ಬರತ್ತೆ.”

“ಮೆಸೇಜಾ?”

“ಹ್ಞೂಂ ಸಾರ್. ಆಟೋಮ್ಯಾಟಿಕ್ಕು.”

ಮಹಾಪುರುಷರು ದೊಡ್ಡ ನಿರ್ಧಾರಗಳನ್ನು ಒಂದೇ ಕ್ಷಣದಲ್ಲಿ ಕೈಗೊಳ್ಳುತ್ತಾರೆ. ನಾನು ಮಾರನೆಯ ದಿನ ಕಾರ್ಖಾನೆಗೆ ರಜೆ ಹಾಕಿದೆ. ಕಾರನ್ನು ಓಡಿಸಿಕೊಂಡು ಹೆಗ್ಗನಹಳ್ಳಿಗೆ ಹೋದೆ. ಅಲ್ಲಿ ನನ್ನ ಸಹೋದ್ಯೋಗಿ ರಾಮಯ್ಯನ ಶೀಟಿನ ಶೆಡ್ಡೊಂದು ಖಾಲಿ ಬಿದ್ದಿತ್ತು. ಕಾರನ್ನು ಅದರೊಳಗೆ ಬಿಟ್ಟು, ಹೊದಿಕೆ ಹೊದಿಸಿ, ಕುಂಬಳಕಾಯಿಯನ್ನು ರಾಮಯ್ಯನ ಹೆಂಡತಿಗೆ ಕೊಟ್ಟೆ. “ಏನ್ರೀ, ಇಷ್ಟು ಕಾದು ತಗೊಂಡಿದ್ದನ್ನ ಇಲ್ಲಿ ತಂದು ಬಿಡ್ತಿದೀರ?” ಎಂದ ರಾಮಯ್ಯ. “ನಮ್ಮ ಏರಿಯಾದಲ್ಲಿ ಕಣ್ಣು ಜಾಸ್ತಿ,” ಎಂದೆ. ಬಸ್ಸಿನಲ್ಲಿ ವಾಪಸು ಬಂದೆ, ತೊಡೆಯ ಮೇಲೊಂದು ಹೊಸ ಕುಂಡ, ಕಾಲಡಿ ಇನ್ನೊಂದು. ಎರಡಕ್ಕೂ ಕಂಡಕ್ಟರು ಟಿಕೆಟ್ ಕೇಳಿದ.

ಭಾನುವಾರದ ಸವಾರಿ ಹೊರಟಾಗಲೇ ನನ್ನ ಜಾಗ ಹೋಗಬೇಕಿತ್ತು. ಪುಣ್ಯಕ್ಕೆ ಆ ಸ್ಟೂಲನ್ನು ರಸ್ತೆಗೆ ಎಳೆದಿಟ್ಟು ಹೋಗಿದ್ದೆ, ಈಗಲೂ ಹಾಗೆಯೇ. ಹಿಂದೆ ನೀರಿನ ವ್ಯಾನು, ಮುಂದೆ ಯಾರದೋ ಕಾರು, ನಡುವೆ ಗಿಣಿ ಹಸಿರು ಬಿಟ್ಟುಹೋದಷ್ಟೇ ಜಾಗ. ಸ್ಟೂಲು ತೆಗೆದು ಎರಡು ಕಡೆಗೂ ಕುಂಡ ಇಟ್ಟೆ. ಹೊಸ ಹಲಗೆಗೆ ಹಳೆಯ ಸಾಹಿತ್ಯವೇ ಸಾಕಾಯಿತು.

ಬೆಳಿಗ್ಗೆ ಕರೆಗಂಟೆ ಸದ್ದುಮಾಡಿತು. ಈ ಸಲ ಅದು ನಮ್ಮದೇ ಎಂದು ತಕ್ಷಣ ಗೊತ್ತಾಯಿತು.

“ಶ್ರೀಶಪ್ಪಾ, ಕಾರೆಲ್ಲಿ?” ಎಂದರು ಯಶೋದಮ್ಮ. ಧರ್ಮಸ್ಥಳದ ಕುಂಕುಮ ಇನ್ನೂ ಹಣೆಯಲ್ಲಿತ್ತು.

“ಅದು ಬರೀ ಸ್ಯಾಂಪಲ್ಲು. ನಿಜವಾದ ಕಾರು ಈಗ ಬರ್ತಾ ಇದೆ.”

“ಯಾವಾಗ?”

ಆಹಾ! ಆ ಒಂದು ಪದವನ್ನು ಕೇಳಿ ಎಷ್ಟು ದಿನವಾಗಿತ್ತು!

ಮಧ್ಯಾಹ್ನದೊಳಗೆ ಮಂಚ ಬಂತು. ಸಂಜೆ ಬೇಕರಿ ಪಕ್ಕದಿಂದ ಮೇಜು ಬಂತು. ಬೆಟ್ಟಯ್ಯ ಕುರ್ಚಿ ಹೊತ್ತು ತಂದು, ಎಲ್ಲಿಡುವುದೆಂದು ಸುತ್ತ ನೋಡಿದರು. ಜಾಗ ಬಹಳ ಚಿಕ್ಕದು. ಮಂಚಕ್ಕೆ ಮೇಜು ತಾಗಿತು, ಮೇಜಿಗೆ ಕುರ್ಚಿ ತಾಗಿತು, ಕುರ್ಚಿಗೆ ನನ್ನ ಸ್ಟೂಲು ತಾಗಿತು. ಒಬ್ಬರ ಮೊಣಕೈ ಇನ್ನೊಬ್ಬರ ರೊಟ್ಟಿಗೆ ತಗಲುವಂತೆ ಒತ್ತಿಕೊಂಡು ಕೂತೆವು. ಅಷ್ಟರಲ್ಲಿ ಪಾಲಿಕೆಯ ಜೀಪು ಬಂದು ನಿಂತಿತು. ಮುನಿರಾಮಯ್ಯನವರು ಇಳಿಯಲೂ ಇಲ್ಲ, ಕಿಟಕಿಯಿಂದಲೇ ಕೇಳಿದರು.

“ಕಾರೆಲ್ಲಿ?”

“ಪೆಟ್ರೋಲ್ ಹಾಕ್ಸಕ್ಕೆ ಹೋಗಿದೆ ಸಾರ್!” ಎಂದರು ಬೆಟ್ಟಯ್ಯ.

“ಯಾವ ಕಲರ್ರು?”

“ಗಿಣಿ ಹಸಿರು!” ಎಂದರು ಮೂವರೂ, ಒಂದೇ ಉಸಿರಿನಲ್ಲಿ.

ಆ ಬಣ್ಣವನ್ನು ಒಮ್ಮೆ ಕಂಡವರಿಗೆ ಅನುಮಾನಕ್ಕೆ ಎಡೆಯಿಲ್ಲ. ಜೀಪು ಮುಂದೆ ಹೋಯಿತು.

ನಾನು ಎದ್ದು ಒಳಗೆ ಹೋಗಿ ಇಸ್ತ್ರಿ ಶರ್ಟು ಹಾಕಿಕೊಂಡು ಬಂದೆ. ಕವನಾಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಬೀದಿ ನಿಶ್ಶಬ್ದವಾಯಿತು. ಗುರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಹೇಳಿ ಸಾರ್, ಕಾರಲ್ಲಿ ಏನಾದ್ರೂ ಪ್ರಾಬ್ಲಂ ಇದೆಯಾ?” ಎಂದಳು ಕವನಾ.

“ಏನೂ ಇಲ್ಲಮ್ಮ. ಇನ್ನೊಂದು ಬುಕ್ ಮಾಡಬೇಕಿತ್ತು. ನಿಮ್ಮಲ್ಲಿ ಎಲ್ಲಕ್ಕಿಂತ ತಡವಾಗಿ ಬರೋ ಕಾರು ಯಾವುದು?”

“ತಡವಾಗಿ...? ಎಲ್ಲಾರೂ ಬೇಗ ಬರೋದು ಕೇಳ್ತಾರೆ ಸಾರ್.”

“ನಮ್ಮದು ದೊಡ್ಡ ಫ್ಯಾಮಿಲಿಯಮ್ಮ. ಅವಸರ ಇಲ್ಲ.”

ಅತ್ತ ಕಡೆ ಕೀಬೋರ್ಡ್ ಕುಟ್ಟುವ ಸದ್ದು ಕೇಳಿಸಿತು. ಆಮೇಲೆ ಕವನಾ ಮೆಲ್ಲಗೆ ಹೇಳಿದಳು: “ಒಂದಿದೆ ಸಾರ್. ಅದನ್ನ ಮಾಡೋ ಫ್ಯಾಕ್ಟರೀನೇ ಇನ್ನೂ ಕಟ್ತಾ ಇದಾರೆ. ನಾನು ತಿಂಗಳಿಗೊಂದ್ಸಲ ಫೋನ್ ಮಾಡಿ ಅಪ್‌ಡೇಟ್ ಕೊಡ್ತೀನಿ, ಆಗಬಹುದಾ?”

“ಅದೇ ಇರಲಿ. ಊಟ ಆಯ್ತಾ?”

ಫೋನ್ ಇಡುವುದಕ್ಕೂ ಬೆಟ್ಟಯ್ಯ ಬಿಡಲಿಲ್ಲ. ನನ್ನ ತೋಳು ಜಗ್ಗಿ, “ಎಷ್ಟುದ್ದ ಇದೆಯಂತ್ರೀ ಅದು?” ಎಂದರು.

ಸರಿಯಾಗಿ ಅದೇ ಹೊತ್ತಿಗೆ ನೀರಿನ ವ್ಯಾನಿನವನು ಬಂದು ಗಾಡಿ ಶುರುಮಾಡಿ ಹೊರಟುಹೋದ. ನಾನು ಉತ್ತರ ಹೇಳದೆ ಎದ್ದೆ. ಬೆಟ್ಟಯ್ಯ ಒಂದು ಕಡೆ ಹಿಡಿದರು, ನಾನು ಇನ್ನೊಂದು ಕಡೆ. ಕುಂಡವನ್ನು ಎತ್ತಿ ಆಚೆಗೆ ಇಟ್ಟೆವು.